ಮೆಣಸಿನಕಾಯಿಗೆ ಬಾಯಿ ಬಂದರೆ ಮಕ್ಕಳಿಗೂ ಮಾತು ಬರುತ್ತಾ?

ಪ್ರಶ್ನೆ: ಹಾವೇರಿ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. 32 ಮಕ್ಕಳಿದ್ದಾರೆ. ಬರೆಯುವುದು ಪರವಾಗಿಲ್ಲ, ಆದರೆ ಎದ್ದು ನಿಂತು ಮಾತಾಡು ಅಂದರೆ ಅರ್ಧ ಮಕ್ಕಳು ತಲೆ ತಗ್ಗಿಸುತ್ತಾರೆ. ತರಬೇತಿಯಲ್ಲಿ ‘ಮಾತಾಡುವ ಅವತಾರ್’, ಅಂದರೆ ಪರದೆ ಮೇಲೆ ಬಾಯಿ ಆಡಿಸಿ ಮಾತಾಡುವ ಗೊಂಬೆ, ತೋರಿಸಿದರು. ನಮ್ಮಲ್ಲಿರುವುದು ಒಂದು ಸ್ಮಾರ್ಟ್ ಟಿವಿ ಮತ್ತು ನನ್ನ ಫೋನ್ ಅಷ್ಟೇ. ಇದರಿಂದ ನಿಜಕ್ಕೂ ಉಪಯೋಗ ಇದೆಯಾ, ಸುಮ್ನೆ ಆಟವಾ?
– ಒಬ್ಬ ಶಿಕ್ಷಕಿ

ಉತ್ತರ: ಉಪಯೋಗ ಇದೆ ಮೇಡಂ. ಆದರೆ ಅವತಾರ್ ಬಾಯಿಂದ ಮಾತಾಡುವವರು ಯಾರು ಅನ್ನುವುದು ಮುಖ್ಯ. ನೀವು ಪಾಠ ಟೈಪ್ ಮಾಡಿ, ಪರದೆ ಮೇಲಿನ ಗೊಂಬೆ ಅದನ್ನು ಓದಿ ಹೇಳಿದರೆ ಮೊದಲ ದಿನ ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. ಮೂರನೇ ದಿನ ಕಣ್ಣು ಕಿಟಕಿ ಕಡೆ ಹೋಗುತ್ತದೆ. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಪರದೆಯ ಪಾಠಗಳ ಬಗ್ಗೆ ವರ್ಷಗಟ್ಟಲೆ ಪ್ರಯೋಗ ಮಾಡಿದವರು. ಪಾಠ ಹೇಳುವ ಮುಖ ಪರದೆ ಮೇಲೆ ಕಂಡ ಮಾತ್ರಕ್ಕೆ ಕಲಿಕೆ ಹೆಚ್ಚುವುದಿಲ್ಲ ಅನ್ನುತ್ತಾರೆ ಅವರು.

ಹಾಗಾಗಿ ಗೊಂಬೆಯನ್ನು ಮಕ್ಕಳ ಕೈಗೆ ಕೊಡಿ. ತೊಗಲುಗೊಂಬೆ ಆಟದಲ್ಲಿ ಪರದೆ ಹಿಂದೆ ಕೂತವರ ದನಿ ಎಷ್ಟು ಗಟ್ಟಿಯಾಗಿ ಬರುತ್ತದೆ, ನೋಡಿದ್ದೀರಲ್ವಾ? ಮಾತಾಡುವುದು ನಾನಲ್ಲ, ಗೊಂಬೆ ಅನ್ನುವ ಧೈರ್ಯ ಅದು. ತಲೆ ತಗ್ಗಿಸುವ ಮಗುವಿಗೆ ಬೇಕಾಗಿರುವುದೂ ಅದೇ.

‘ಚಾಟರ್‌ಪಿಕ್ಸ್ ಕಿಡ್ಸ್’ ಅನ್ನುವ ಉಚಿತ ಆ್ಯಪ್ ನಿಮಗೆ ಸಾಕು. ಯಾವುದಾದರೂ ವಸ್ತುವಿನ ಫೋಟೊ ತೆಗೆದು, ಬಾಯಿ ಇರಬೇಕಾದ ಕಡೆ ಬೆರಳಿಂದ ಒಂದು ಗೆರೆ ಎಳೆದು, 30 ಸೆಕೆಂಡ್‌ವರೆಗೆ ಮಾತು ರೆಕಾರ್ಡ್ ಮಾಡಬಹುದು. ಆ ವಸ್ತುವೇ ಬಾಯಿ ಆಡಿಸಿ ಮಾತಾಡುತ್ತದೆ. ನಿಮ್ಮ ಜಿಲ್ಲೆಯಲ್ಲಿ ವಸ್ತುವಿಗೇನು ಬರ? ಬ್ಯಾಡಗಿ ಮೆಣಸಿನಕಾಯಿಯಿಂದಲೇ ಶುರು ಮಾಡಿ. ಬಣ್ಣ ಜಾಸ್ತಿ, ಖಾರ ಕಡಿಮೆ, ಮೈತುಂಬ ಸುಕ್ಕು, 2011ರಲ್ಲಿ ಇಲ್ಲಿಯದೇ ಬೆಳೆ ಅನ್ನುವ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ್ದು. ಹೇಳಿಕೊಳ್ಳುವುದಕ್ಕೆ ಅದಕ್ಕೆ ಎಷ್ಟೊಂದು ಇದೆ!

ನಾನು ಕೂತು ನೋಡಿದ ಒಂದು ತರಗತಿಯಲ್ಲಿ ಹುಡುಗಿಯೊಬ್ಬಳು ‘ಐ ಆ್ಯಮ್ ರೆಡ್, ಬಟ್ ನಾಟ್ ವೆರಿ ಹಾಟ್. ಮೈ ಸ್ಕಿನ್ ಈಸ್...’ ಅಂತ ಹೇಳಿ ನಿಂತುಬಿಟ್ಟಳು. ಸುಕ್ಕು ಅನ್ನುವುದಕ್ಕೆ ಇಂಗ್ಲಿಷ್ ಪದ ಗೊತ್ತಿರಲಿಲ್ಲ. ಪಕ್ಕದವಳು ಮೆಲ್ಲಗೆ ‘ನಮ್ಮಜ್ಜಿ ಕೈ ಥರ’ ಅಂದಳು. ಇಬ್ಬರೂ ಸೇರಿ ‘ಲೈಕ್ ಮೈ ಗ್ರ್ಯಾಂಡ್‌ಮದರ್ಸ್ ಹ್ಯಾಂಡ್’ ಅಂತ ಬರೆದರು. ಆಮೇಲೆ ರೆಕಾರ್ಡ್ ಮಾಡಿ, ಕೇಳಿ, ಸರಿಯಿಲ್ಲ ಅಂತ ಅಳಿಸಿ, ಮತ್ತೆ ಮಾಡಿ, ಒಟ್ಟು ನಾಲ್ಕು ಸಲ. ಯಾರೂ ಹೇಳಿರಲಿಲ್ಲ, ಅವರೇ ಮಾಡಿದ್ದು. ನಿಮಗೆ ಬೇಕಾದ ಅಭ್ಯಾಸ ಇದೇ ಮೇಡಂ. ಟಿವಿಯಲ್ಲಿ ಓಡುವ ವಿಡಿಯೊ ಅದರ ನೆಪ ಅಷ್ಟೇ.

ಒಂದೇ ಫೋನ್ ಅಂತ ಚಿಂತೆ ಬೇಡ. ನಾಲ್ಕು ನಾಲ್ಕು ಮಕ್ಕಳ ಎಂಟು ಗುಂಪು ಮಾಡಿ. ದಿನಕ್ಕೆ ಎರಡು ಗುಂಪಿನಂತೆ ನಾಲ್ಕು ದಿನಕ್ಕೆ ಮುಗಿಯುತ್ತದೆ. ಐದು ವಾಕ್ಯ ಮೊದಲು ಕಾಗದದಲ್ಲಿ ಬರೆಸಿ. ಬರೆಯದೆ ಫೋನ್ ಕೊಟ್ಟರೆ 30 ಸೆಕೆಂಡೂ ನಗುವುದರಲ್ಲೇ ಹೋಗುತ್ತದೆ. ಗುಂಪಿನಲ್ಲಿ ಚುರುಕಾದವರೇ ಎಲ್ಲ ಮಾತಾಡಿಬಿಡುತ್ತಾರೆ, ಅದಕ್ಕೇ ಒಬ್ಬೊಬ್ಬರಿಗೆ ಕನಿಷ್ಠ ಒಂದೊಂದು ವಾಕ್ಯ ಅಂತ ಗಟ್ಟಿ ಮಾಡಿ. ರೆಕಾರ್ಡಿಂಗ್‌ಗೆ ಬಿಸಿಯೂಟದ ಕೋಣೆಯಿಂದ ದೂರದ ಮೂಲೆ ಒಳ್ಳೆಯದು, ಕುಕ್ಕರ್ ಕೂಗು ಎಲ್ಲವನ್ನೂ ನುಂಗುತ್ತದೆ. ಮತ್ತೆ, ತಿಂಗಳಿಗೊಮ್ಮೆ ಸಾಕು. ದಿನಾ ಮಾಡಿದರೆ ಮಕ್ಕಳಿಗೆ ಸವಿ ಹೋಗುತ್ತದೆ. ಎರಡು ಮೂರು ತಿಂಗಳಾದ ಮೇಲೆ ಅದೇ ಐದು ವಾಕ್ಯವನ್ನು ಟಿವಿ ಪಕ್ಕ ನಿಂತು, ಗೊಂಬೆ ಇಲ್ಲದೆ ಹೇಳಿಸಿ ನೋಡಿ.

ನಿಮ್ಮ ವಿಜ್ಞಾನ ಶಿಕ್ಷಕರಿಗೂ ಒಂದು ಮಾತು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಬೆಟ್ಟಿ ಅನ್ನುವ ಅವತಾರ್ ಮಾಡಿದ್ದಾರೆ. ಅವಳಿಗೆ ಏನೂ ಗೊತ್ತಿಲ್ಲ. ನದಿಯ ಮೀನು, ಪಾಚಿ, ಆಮ್ಲಜನಕದ ನಂಟನ್ನು ಮಕ್ಕಳೇ ಚಿತ್ರ ಬರೆದು ಕಲಿಸಬೇಕು. ಪರೀಕ್ಷೆಯಲ್ಲಿ ಬೆಟ್ಟಿ ತಪ್ಪು ಹೇಳಿದರೆ ಮಕ್ಕಳು ತಾವು ಬರೆದದ್ದನ್ನೇ ಮತ್ತೆ ತಿದ್ದುತ್ತಾರೆ. ಏನೂ ತಿಳಿಯದ ಗೊಂಬೆಗೆ ಕಲಿಸುವ ಆಟವನ್ನು ಫೋನ್ ಇಲ್ಲದೆಯೂ ಆಡಬಹುದು.

ಪ್ರಶ್ನೆ: ಮಗಳ ಶಾಲೆಯಲ್ಲಿ ಮಕ್ಕಳ ಫೋಟೊ ಮತ್ತು ದನಿ ಹಾಕಿ ಅವತಾರ್ ಮಾಡಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಳಿಸುತ್ತಿದ್ದಾರೆ. ಬೇಡ ಅಂದರೆ ಅವಳೊಬ್ಬಳೇ ಹೊರಗುಳಿಯುತ್ತಾಳೆ. ಏನು ಮಾಡಲಿ?
– ಒಬ್ಬ ತಾಯಿ, ಮೈಸೂರು

ಉತ್ತರ: ನಿಮ್ಮ ಆತಂಕ ಸರಿಯಾಗಿಯೇ ಇದೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುವುದು ಅದರ ಮೂಲ ನಿಯಮ. ಮುಖ, ದನಿ ಎರಡೂ ಮಗುವಿನ ಗುರುತೇ. ಟೀಚರ್ ಹತ್ತಿರ ಜಗಳ ಬೇಡ. ಫೋಟೊ ಬದಲು ಮಕ್ಕಳೇ ಬಿಡಿಸಿದ ಚಿತ್ರ ಹಾಕೋಣ, ಹೆಸರು ಹೇಳಿಸುವುದು ಬೇಡ, ವಿಡಿಯೊ ತರಗತಿಯಲ್ಲೇ ತೋರಿಸಿ ಅಳಿಸೋಣ ಅಂತ ಕೇಳಿ. ಇವತ್ತು ಸಂಜೆಯೇ ಮಗಳ ಕೈಲಿ ಒಂದು ನವಿಲೋ ಆನೆಯೋ ಬಿಡಿಸಿ ಕಳಿಸಿ, ಕೊಕ್ಕನ್ನೋ ಸೊಂಡಿಲನ್ನೋ ಸ್ವಲ್ಪ ದೊಡ್ಡದಾಗಿ ಬರೆಯಲಿ. ಬಾಯಿಯ ಗೆರೆ ಎಳೆಯಲು ಜಾಗ ಬೇಕಲ್ಲ.