ನೇವಿ ಸೂಟಿಗೆ ಯಾವ ಬಣ್ಣದ ಶೂ?

ಪ್ರಶ್ನೆ: ಮುಂದಿನ ತಿಂಗಳು ನನ್ನ ಆರತಕ್ಷತೆ. ನೇವಿ ಬ್ಲೂ ಸೂಟ್ ಹೊಲಿಸಿದ್ದೇನೆ. ಶೂ ಅಂಗಡಿಯವರು ಟ್ಯಾನ್ (ತಿಳಿ ಕಂದು) ತಗೊಳ್ಳಿ ಅನ್ನುತ್ತಾರೆ, ಅಪ್ಪ ಕಪ್ಪೇ ಇರಲಿ ಅನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ದಾವಣಗೆರೆ

ಉತ್ತರ: ಇಬ್ಬರಲ್ಲಿ ಒಬ್ಬರ ಮಾತು ಕೇಳಲೇಬೇಕೆಂದರೆ ತಂದೆಯವರದ್ದನ್ನೇ ಕೇಳಿ. ಆದರೆ ನೇವಿಗೆ ಕಪ್ಪಿಗಿಂತಲೂ ಚೆನ್ನಾಗಿ ಒಪ್ಪುವುದು ಡಾರ್ಕ್ ಬ್ರೌನ್, ಇಲ್ಲವೇ ಕಪ್ಪು ಬೆರೆತ ಕೆಂಗಂದಿನ ಆಕ್ಸ್‌ಬ್ಲಡ್. ಶೂ ಪ್ಯಾಂಟಿನಷ್ಟೇ ಗಾಢವಾಗಿರಬೇಕು, ಅಥವಾ ತುಸು ಹೆಚ್ಚು ಗಾಢವಾಗಿರಬೇಕು. ಸೂಟು ಕಡುನೀಲಿಯಾಗಿದ್ದು ಶೂ ತಿಳಿಯಾಗಿದ್ದರೆ ನೋಡುವವರ ಕಣ್ಣು ಮುಖ ಬಿಟ್ಟು ನೇರ ಪಾದಕ್ಕೆ ಇಳಿಯುತ್ತದೆ. ವೇದಿಕೆಯ ಮೇಲೆ ಜೋರು ವಿಡಿಯೋ ಲೈಟಿನಲ್ಲಿ ಟ್ಯಾನ್ ಕಿತ್ತಳೆ ಬಣ್ಣಕ್ಕೂ ತಿರುಗಬಹುದು. ಆಲ್ಬಮ್ಮಿನಲ್ಲಿ ಅದು ಹಾಗೆಯೇ ಉಳಿಯುತ್ತದೆ.

ಕೊಳ್ಳುವಾಗ ಸೂಟಿನ ಬಟ್ಟೆಯ ಚೂರೊಂದನ್ನು ಒಯ್ಯಿರಿ. ಅಂಗಡಿಯ ಬೆಳಕಿನಲ್ಲಿ ನೇವಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಬಾಗಿಲಿನಾಚೆ ಹಗಲು ಬೆಳಕಿಗೆ ಹಿಡಿದು ನೋಡಿ. ಬೆಳಕಿರುವಾಗಲೇ ಸಂಜೆ ಹೊತ್ತು ಹೋಗುವುದು ಒಳ್ಳೆಯದು, ಪಾದ ಆಗ ಸ್ವಲ್ಪ ಊದಿರುತ್ತದೆ. ನಿಂತಾಗ ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗವಿರಲಿ.

ಬೆಲ್ಟು ಶೂ ಬಣ್ಣದ್ದೇ ಇರಬೇಕು. ಶೂಗೆ ಮಿರುಗುವ ಪಾಲಿಶ್ ಇದ್ದರೆ ಬೆಲ್ಟಿಗೂ ಇರಲಿ. ಸಾಕ್ಸ್ ಮಾತ್ರ ಶೂ ಬಣ್ಣಕ್ಕಲ್ಲ, ಪ್ಯಾಂಟಿನ ಬಣ್ಣಕ್ಕೆ ಹೊಂದಬೇಕು. ಕೂತಾಗ ಚರ್ಮ ಕಾಣದಂತೆ ಮೀನಖಂಡದವರೆಗೆ ಬರುವಂಥದ್ದನ್ನು ಕೊಳ್ಳಿ. ನಮ್ಮ ಮದುವೆಮನೆಗಳಲ್ಲಿ ಹಿರಿಯರ ಕಾಲಿಗೆರಗುವಾಗಲೋ ಊಟದ ಪಂಕ್ತಿಗೆ ಹೋಗುವಾಗಲೋ ಶೂ ಬಿಡಬೇಕಾಗುತ್ತದೆ. ಬೆರಳಲ್ಲಿ ತೂತಿರುವ ಸಾಕ್ಸ್ ಆ ದಿನ ಬೇಡವೇ ಬೇಡ. ಪದೇ ಪದೇ ಬಿಚ್ಚಿ ಹಾಕುವುದಿದ್ದರೆ ಲೇಸಿಲ್ಲದ ಲೋಫರ್ ಅನುಕೂಲ, ಆದರೆ ಲೇಸಿನ ಆಕ್ಸ್‌ಫರ್ಡ್‌ಗಿರುವ ಘನತೆ ಅದಕ್ಕಿಲ್ಲ.

ಪ್ರಶ್ನೆ: ಕಪ್ಪು ಸೂಟಿಗೆ ಬ್ರೌನ್ ಶೂ ಹಾಕಬಹುದೇ?
– ಓದುಗರು, ಗದಗ

ಉತ್ತರ: ಬೇಡ. ಕಪ್ಪಿಗೆ ಕಪ್ಪೇ. ಬ್ರೌನ್ ಸೂಟಿಗೆ ಕಪ್ಪು ಶೂ ಕೂಡ ಅಷ್ಟೇ ಬೇಡ.

ಪ್ರಶ್ನೆ: ಬ್ಯಾಂಕಿನ ಸಂದರ್ಶನಕ್ಕೆ ಗ್ರೇ ಸೂಟ್ ಹಾಕುತ್ತೇನೆ. ಬ್ರೌನ್ ಶೂ ನಡೆಯುತ್ತದೆಯೇ?
– ಓದುಗರು, ಮಂಗಳೂರು

ಉತ್ತರ: ಯಾವ ಗ್ರೇ ಎಂಬುದರ ಮೇಲಿದೆ. ಚಾರ್‌ಕೋಲ್, ಅಂದರೆ ಇದ್ದಿಲಿನಂಥ ಕಡು ಗ್ರೇ ಆದರೆ ಕಪ್ಪು ಶೂ. ತೀರಾ ಕಡು ಬ್ರೌನ್ ಕೂಡ ಹೊಂದುತ್ತದೆ. ತಿಳಿ ಗ್ರೇಗೆ ಮಧ್ಯಮ ಬ್ರೌನ್ ಬಲು ಚೆಂದ, ಟ್ಯಾನ್ ಕೂಡ ಅಲ್ಲಿ ಸಲ್ಲುತ್ತದೆ. ಆದರೆ ಸಂದರ್ಶನಕ್ಕೆ ಎರಡಕ್ಕೂ ಕಪ್ಪನ್ನೇ ಆರಿಸಿ. ಬ್ಯಾಂಕಿನ ಜಗತ್ತು ಈ ವಿಷಯದಲ್ಲಿ ಹಳಬರದ್ದು: ಸೂಟಿಗೆ ಬ್ರೌನ್ ಶೂ ಹಾಕಿ ಬಂದವರನ್ನು ಲಂಡನ್ನಿನ ಕೆಲವು ಹೂಡಿಕೆ ಬ್ಯಾಂಕುಗಳು ಕೀಳಾಗಿ ಕಾಣುತ್ತವೆಂದು ಬ್ರಿಟನ್ನಿನ ಸರ್ಕಾರಿ ಸಲಹಾ ಸಂಸ್ಥೆ ಸೋಷಿಯಲ್ ಮೊಬಿಲಿಟಿ ಕಮಿಷನ್ 2016ರ ವರದಿಯಲ್ಲೇ ಹೇಳಿತ್ತು. ಇದು ಅನ್ಯಾಯವೇ, ಆದರೂ ಕೆಲಸ ಸಿಗುವವರೆಗೆ ಆ ಅಪಾಯ ನಿಮಗೇಕೆ?

ಪ್ರಶ್ನೆ: ಟ್ಯಾನ್ ಶೂ ಕೊಂಡುಬಿಟ್ಟಿದ್ದೇನೆ. ಅದನ್ನೇ ಡಾರ್ಕ್ ಬ್ರೌನ್ ಮಾಡಲು ಸಾಧ್ಯವೇ?
– ಓದುಗರು, ಶಿವಮೊಗ್ಗ

ಉತ್ತರ: ಗಾಢ ಮಾಡಬಹುದು, ತಿಳಿ ಮಾಡಲಾಗದು. ಮೊದಲು ಶೂವಿನ ಹೊರಚರ್ಮದ ಮೇಲೆ, ಹಿಮ್ಮಡಿಯ ಒಳಬದಿಗೆ (ಇನ್ನೊಂದು ಕಾಲಿನ ಕಡೆಗೆ) ಒಂದು ಹನಿ ನೀರು ಬಿಡಿ. ಎರಡು ನಿಮಿಷದಲ್ಲಿ ಅಲ್ಲಿ ಬಣ್ಣ ಕಪ್ಪಾದರೆ ಚರ್ಮ ಹೀರುತ್ತದೆ. ಹನಿ ಉರುಳಿಹೋದರೆ ಮೇಲೆ ಪ್ಲಾಸ್ಟಿಕ್ ಲೇಪವಿರಬಹುದು ಅಥವಾ ಹಳೆಯ ಮೇಣ ಕೂತಿರಬಹುದು. ಲೆದರ್ ಕ್ಲೀನರಿನಿಂದ ಒರೆಸಿ ಮತ್ತೆ ನೋಡಿ. ಆಗಲೂ ಹೀರದಿದ್ದರೆ ಪ್ರಯತ್ನ ಬಿಡಿ, ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದುಬರುತ್ತದೆ.

ಹೀರಿದರೆ ಮೀಡಿಯಂ ಬ್ರೌನ್ ಶೂ ಕ್ರೀಮನ್ನು ಬಟಾಣಿ ಗಾತ್ರದಷ್ಟು ಹತ್ತಿಬಟ್ಟೆಗೆ ತೆಗೆದುಕೊಂಡು ತೆಳುವಾಗಿ ಹಚ್ಚಿ. 15 ನಿಮಿಷ ಒಣಗಲಿ, ಬ್ರಷ್ ಹೊಡೆಯಿರಿ. ಮರುದಿನ ಡಾರ್ಕ್ ಬ್ರೌನ್. ಹೀಗೆ ಮೂರು ನಾಲ್ಕು ಸಲ. ಒಂದೇ ಸಲ ದಪ್ಪಗೆ ಬಳಿದರೆ ಕಲೆ ಕಲೆಯಾಗುತ್ತದೆ. ಮೇಣದ ಪಾಲಿಶ್ ಕೊನೆಗೆ ಮೂತಿ ಮತ್ತು ಹಿಮ್ಮಡಿಗೆ ಮಾತ್ರ ಸಾಕು. ನಡೆವಾಗ ಮಡಿಯುವ ಜಾಗಕ್ಕೆ ಹಚ್ಚಿದರೆ ಅದು ಬಿರಿದು ಬಿಳಿಗೆರೆ ಕಾಣುತ್ತದೆ. ಹೊಲಿಗೆಯ ದಾರ ಬಿಳಿಯಾಗಿದ್ದರೆ ಅದಕ್ಕೂ ಬಣ್ಣ ಹಿಡಿಯುತ್ತದೆ, ತಡೆಯುವುದು ಕಷ್ಟ. ತಿಳಿ ಬಣ್ಣದ ಪ್ಯಾಂಟಿನ ಜೊತೆ ಹಾಕುವ ಮೊದಲು ಒಣ ಬಿಳಿ ಬಟ್ಟೆಯಿಂದ ಉಜ್ಜಿ, ಬಣ್ಣ ಬಿಡುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ.