ಗಾರ್ಡನ್ ಈಲ್ ಜೊತೆ ಅಕ್ವೇರಿಯಂನಲ್ಲಿ ಯಾವ ಮೀನುಗಳನ್ನು ಬಿಡಬಹುದು?

ಮರಳಿನಲ್ಲಿ ಬಿಲ ಮಾಡಿಕೊಂಡು ಬದುಕುವ, ಹಾವಿನಂಥ ಸಮುದ್ರದ ಮೀನಾದ ಗಾರ್ಡನ್ ಈಲ್ ಜೊತೆಗೆ ಬಿಡುವ ಮೀನುಗಳ ಬಗ್ಗೆ ಕೇಳಿದ್ದೀರಿ. ತೊಟ್ಟಿಯಲ್ಲಿ ಎಷ್ಟು ಮರಳಿದೆ ಎಂಬುದನ್ನು ಹೇಳಿಲ್ಲ. ನಾನೂ ಹೀಗೆಯೇ ಹೊರಟವನು. ಬಣ್ಣದ ಮೀನುಗಳನ್ನು ಆರಿಸುವುದರಲ್ಲೇ ಮುಳುಗಿ, ತಳಕ್ಕೆ ಮಾತ್ರ ನೋಡಲು ಚೆಂದವೆಂದು ಹವಳದ ಒರಟು ಹರಳುಗಳನ್ನು ನಾಲ್ಕು ಬೆರಳಿನಷ್ಟು ಹರಡಿದ್ದೆ.

ಆ ಹರಳುಗಳೇ ನನ್ನ ಗಾರ್ಡನ್ ಈಲ್‌ಗಳ ಪ್ರಾಣಕ್ಕೆ ಎರವಾದವು. ಚುಕ್ಕೆಗಳ ಗಾರ್ಡನ್ ಈಲ್ ಸುಮಾರು 40 ಸೆಂಟಿಮೀಟರ್‌ವರೆಗೆ ಬೆಳೆದರೂ ಅದರ ಮೈ ಕಿರುಬೆರಳಿಗಿಂತ ದಪ್ಪವಿರುವುದಿಲ್ಲ. ಅದು ಗಟ್ಟಿಯಾದ ಬಾಲದ ತುದಿಯನ್ನು ಮರಳಿಗೆ ಚುಚ್ಚಿ, ಹಿಮ್ಮುಖವಾಗಿ ಬಿಲ ಕೊರೆಯುತ್ತದೆ. ಚರ್ಮದಿಂದ ಒಸರುವ ಲೋಳೆ ಮರಳಿನ ಕಣಗಳನ್ನು ಅಂಟಿಸಿ ಬಿಲದ ಗೋಡೆ ಕುಸಿಯದಂತೆ ಹಿಡಿದಿಡುತ್ತದೆ. ನುಣುಪಾದ ಮರಳಿದ್ದರೆ ಮಾತ್ರ ಇದು ಸಾಧ್ಯ. ಒರಟು ಹರಳುಗಳು ಲೋಳೆಗೆ ಅಂಟಿಕೊಳ್ಳದೆ ಉರುಳಿ ಬೀಳುತ್ತಿದ್ದವು, ಚೂಪಾದ ಅಂಚುಗಳು ಮೈಯನ್ನು ತರಚುತ್ತಿದ್ದವು, ಹೇಗೋ ಕೊರೆದರೂ ನಾಲ್ಕು ಬೆರಳಿನ ಆಳದಲ್ಲಿ ಮೈ ಮುಕ್ಕಾಲು ಹೊರಗೇ ಉಳಿಯುತ್ತಿತ್ತು. ಮೊರೆ ಈಲ್ ಎಂಬ ಬೇರೆ ಜಾತಿಯ ಈಲ್ ಬಂಡೆಯ ಸಂದಿನಲ್ಲಿ ನೆಮ್ಮದಿಯಾಗಿ ಇರುವುದನ್ನು ಕಂಡಿದ್ದ ನಾನು ಇವಕ್ಕೂ ಎರಡು ಕಲ್ಲುಗಳನ್ನು ಇಟ್ಟರಾಯಿತೆಂದುಕೊಂಡೆ. ಅವು ಆ ಕಲ್ಲುಗಳತ್ತ ತಿರುಗಿಯೂ ನೋಡಲಿಲ್ಲ. ಒಂದು ಈಲ್ ರಾತ್ರಿ ಹೊತ್ತು ತೊಟ್ಟಿಯಿಂದ ಹಾರಿ ಸತ್ತಿತು, ಉಳಿದವು ಗಾಯ ಕೊಳೆತು ಸತ್ತವು.

ಕೆಂಪು ಸಮುದ್ರದಿಂದ ಪೆಸಿಫಿಕ್ ದ್ವೀಪಗಳವರೆಗೆ, ಹವಳದ ದಿಬ್ಬಗಳ ಪಕ್ಕದಲ್ಲಿ ಪ್ರವಾಹವಿರುವ ಮರಳಿನ ಇಳಿಜಾರುಗಳೇ ಇವುಗಳ ನೆಲೆ. ಅಲ್ಲಿ ನೂರಾರು ಮೀನುಗಳು ಒಂದೊಂದೂ ತನ್ನದೇ ಬಿಲದಲ್ಲಿ ಬಾಲ ಊರಿ, ಪ್ರವಾಹಕ್ಕೆ ಮುಖ ಮಾಡಿ, ತೇಲಿಬರುವ ಸಣ್ಣ ಜೀವಿಗಳನ್ನು ದೊಡ್ಡ ಕಣ್ಣುಗಳಿಂದ ಗುರುತಿಸಿ ಪುಟ್ಟ ಬಾಯಿಯಿಂದ ಹೆಕ್ಕುತ್ತವೆ. ಬಿಲ ಬಿಟ್ಟು ಪೂರ್ತಿ ಹೊರಬರುವುದು ತೀರ ಅಪರೂಪ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಯಾವ ಮೀನೂ ಬೇಡ. ಮೇಲೆ ಏನಾದರೂ ಸರ್ರನೆ ಹಾದುಹೋದರೆ ಇವು ಒಳಗೆ ಸೇರಿಕೊಳ್ಳುತ್ತವೆ, ಒಳಗಿದ್ದಷ್ಟು ಹೊತ್ತೂ ಉಪವಾಸ. (2020ರಲ್ಲಿ ಟೋಕಿಯೊದ ಸುಮಿದಾ ಅಕ್ವೇರಿಯಂ ಮುಚ್ಚಿದ್ದಾಗ ಜನರನ್ನು ಮರೆತ ಗಾರ್ಡನ್ ಈಲ್‌ಗಳು ಸಿಬ್ಬಂದಿಯನ್ನು ಕಂಡರೂ ಅಡಗತೊಡಗಿದ್ದರಿಂದ, ವೀಡಿಯೊ ಕರೆ ಮಾಡಿ ಅವುಗಳಿಗೆ ಮುಖ ತೋರಿಸಿರೆಂದು ಸಾರ್ವಜನಿಕರನ್ನು ಕೋರಲಾಗಿತ್ತು!) ಬಣ್ಣದ ಮೀನುಗಳೇ ಬೇಕೆಂದಾದರೆ ಅವುಗಳನ್ನೇ ಸಾಕಿ, ಈಲ್ ತರಬೇಡಿ. ಈಲ್ ಬೇಕೇ ಬೇಕೆಂದಾದರೆ ನುಣುಪಾದ ಮರಳನ್ನು ಒಂದು ಅಡಿಯಷ್ಟು ತುಂಬಿ, ಒಂದರ ಬದಲು ಒಂದು ಗುಂಪನ್ನೇ ತನ್ನಿ, ಸಣ್ಣ ಆಹಾರವನ್ನು ದಿನಕ್ಕೆ ಹಲವು ಸಲ ನೀರಿನ ಹರಿವಿನಲ್ಲಿ ತೇಲಿಬಿಡಿ. ಎಲ್ಲವೂ ಬಿಲ ಕೊರೆದುಕೊಂಡ ಮೇಲೂ ತೊಟ್ಟಿಯ ಮೇಲಿನ ಸಣ್ಣ ಕಣ್ಣಿನ ಜಾಲರಿಯನ್ನು ತೆಗೆಯಬೇಡಿ.