ಸೊಳ್ಳೆಗೆ ಬೂಷ್ಟು ಹಿಡಿಸಬಹುದೇ?

ಪ್ರಶ್ನೆ: ನಮ್ಮ ಓಣಿಗೆ ನಳದ ನೀರು ವಾರಕ್ಕೊಮ್ಮೆ ಬರುತ್ತದೆ. ಹಾಗಾಗಿ ಬ್ಯಾರಲ್, ಟಾಕಿ ಎಲ್ಲ ತುಂಬಿಡುತ್ತೇವೆ. ಈ ಸಲ ಪಕ್ಕದ ಮನೆಯ ಮಗುವಿಗೆ ಡೆಂಗಿ ಆಯಿತು. ನಮ್ಮ ಮೈದುನ ಕಬ್ಬಿನ ಗೊಣ್ಣೆಹುಳುವಿಗೆ ಮೆಟರೈಜಿಯಂ ಎಂಬ ಬೂಷ್ಟಿನ ಪುಡಿ ಹಾಕುತ್ತಾನೆ. ಅದರಿಂದ ಸೊಳ್ಳೆಯೂ ಸಾಯುತ್ತದಂತೆ. ಬ್ಯಾರಲ್‌ಗೆ ಹಾಕಲೇ?
– ಗೃಹಿಣಿ, ಹಳೇ ಹುಬ್ಬಳ್ಳಿ

ಉತ್ತರ: ದಯವಿಟ್ಟು ಹಾಕಬೇಡಿ. ಅದು ಹೊಲಕ್ಕೆಂದು ಮಾಡಿದ ಪುಡಿ, ಮನೆಬಳಕೆಯ ನೀರಿಗಲ್ಲ. ಆದರೆ ನೀವು ಕೇಳಿದ್ದು ಸುಳ್ಳಲ್ಲ. ಈ ಬೂಷ್ಟಿನ ಬೀಜಕಣ ಸೊಳ್ಳೆಯ ಕಾಲಿಗೋ ಮೈಗೋ ಅಂಟಿದರೆ ಸಾಕು, ಅಲ್ಲೇ ಮೊಳೆತು, ಚರ್ಮ ಕೊರೆದು ಒಳಗಿಳಿದು, ಮೈಯೆಲ್ಲ ಹಬ್ಬಿ ಕೊಲ್ಲುತ್ತದೆ. ಸಾಯಲು ಒಂದೆರಡು ವಾರ ಬೇಕು. ಇಷ್ಟು ನಿಧಾನವಾದರೆ ಏನು ಉಪಯೋಗ ಅನ್ನಿಸುತ್ತದೆ, ಅಲ್ವಾ? ನನಗೆ ಬಹಳ ಹಿಡಿಸಿದ್ದೇ ಈ ನಿಧಾನ. ರೋಗಿಯನ್ನು ಕಚ್ಚಿದ ಸೊಳ್ಳೆ ಮರುದಿನವೇ ಡೆಂಗಿ ಹರಡುವುದಿಲ್ಲ. ವೈರಸ್ ಅದರ ಹೊಟ್ಟೆಯಿಂದ ಜೊಲ್ಲಿಗೆ ಬರಲು ಸುಮಾರು 8ರಿಂದ 12 ದಿನ ಬೇಕು, ಮಲೇರಿಯಾಕ್ಕೂ ಹೆಚ್ಚುಕಡಿಮೆ ಅಷ್ಟೇ. ಅಷ್ಟರೊಳಗೆ ಸೊಳ್ಳೆ ಸತ್ತರೆ ರೋಗ ಅಲ್ಲಿಗೇ ನಿಂತಿತು. ಸಾಯುವ ಮುಂಚೆ ಅದು ಮೊಟ್ಟೆ ಇಟ್ಟಿರುತ್ತದೆ ನಿಜ, ಆದರೆ ಹೀಗೆ ಬೂಷ್ಟಿಗೆ ಬಗ್ಗುವ ಸೊಳ್ಳೆಯ ಸಂತತಿಯೂ ಉಳಿಯುವುದರಿಂದ, ಔಷಧಕ್ಕೆ ಬಗ್ಗದ ಸೊಳ್ಳೆ ಹುಟ್ಟಿಕೊಂಡಷ್ಟು ಬೇಗ ಬೂಷ್ಟಿಗೆ ಬಗ್ಗದ ಸೊಳ್ಳೆ ಹುಟ್ಟಲಾರದು ಅಂತ ವಿಜ್ಞಾನಿಗಳ ಲೆಕ್ಕ.

ಟಾಂಜಾನಿಯಾದ ಹಳ್ಳಿಮನೆಗಳಲ್ಲಿ ಮೆಟರೈಜಿಯಂ ಸವರಿದ ಕಪ್ಪು ಬಟ್ಟೆ ಕಟ್ಟಿ ನೋಡಿದ್ದರು. 2005ರಲ್ಲಿ ಫಲಿತಾಂಶ ಬಂತು: ಆ ಮನೆಗಳಲ್ಲಿ ಹಿಡಿದ ಮಲೇರಿಯಾ ಸೊಳ್ಳೆಗಳಲ್ಲಿ ಶೇ 23ಕ್ಕೆ ಬೂಷ್ಟು ತಗುಲಿತ್ತು. ಕಷ್ಟ ಇರುವುದು ಬಾಳಿಕೆಯಲ್ಲಿ. ಬಿಸಿಲಿಗೆ, ಸೆಕೆಗೆ ಬೀಜಕಣ ಸಾಯುತ್ತವೆ, ಮತ್ತೆ ಮತ್ತೆ ಸವರಬೇಕು. ನೀವೇ ಮನೆಯೊಳಗೆ ಪುಡಿ ಎರಚಲು ಹೋದರೆ ಉಬ್ಬಸ ಇರುವವರಿಗೆ ತೊಂದರೆ.

ನಿಮ್ಮ ಬ್ಯಾರಲ್‌ಗೆ ಸದ್ಯ ಬೇಕಿರುವುದು ತಿಕ್ಕುವ ಬ್ರಷ್. ನಳ ಬಂದ ದಿನ ಬರಿದು ಮಾಡಿ ಒಳಗೋಡೆ ಗಸಗಸ ತಿಕ್ಕಿ. ಡೆಂಗಿ ಸೊಳ್ಳೆಯ ಮೊಟ್ಟೆ ನೀರಿನ ಅಂಚಿನ ಮೇಲೆ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ, ಸುಮ್ನೆ ನೀರು ಚೆಲ್ಲಿದರೆ ಹೋಗುವುದಿಲ್ಲ. ತುಂಬಿದ ಮೇಲೆ ಬಟ್ಟೆ ಬಿಗಿದು ಕಟ್ಟಿ. ಬರಿದು ಮಾಡಲಾಗದ ಟಾಕಿಗೆ ಗಪ್ಪಿ ಮೀನು ಬಿಡಿ.

ಪ್ರಶ್ನೆ: ನಾವು ರೇಷ್ಮೆ ಸಾಕುತ್ತೇವೆ. ಸೊಳ್ಳೆಗೆ ಬ್ಯುವೇರಿಯಾ ಎಂಬ ಬೂಷ್ಟು ಒಳ್ಳೆಯದು ಅಂತ ಯಾರೋ ಹೇಳಿದರು. ಹುಳುಮನೆಯ ಹತ್ತಿರ ಸಿಂಪಡಿಸಬಹುದೇ?
– ರೈತರು, ಹಾವೇರಿ ಜಿಲ್ಲೆ

ಉತ್ತರ: ಖಂಡಿತ ಬೇಡ! ನಿಮ್ಮ ಹುಳುವಿಗೆ ಬರುವ ಸುಣ್ಣಕಟ್ಟು ರೋಗ ಇದೇ ಬ್ಯುವೇರಿಯಾದಿಂದ. ಇಟಲಿಯ ಅಗೊಸ್ಟಿನೊ ಬಾಸ್ಸಿ 1835ರಲ್ಲೇ ಅದನ್ನು ತೋರಿಸಿಕೊಟ್ಟರು, ಬೂಷ್ಟಿನ ಪೂರ್ತಿ ಹೆಸರಾದ ಬ್ಯುವೇರಿಯಾ ಬಾಸ್ಸಿಯಾನಾದಲ್ಲಿ ಅವರ ಹೆಸರೂ ಸೇರಿದೆ. ಸೋಯಾ, ಶೇಂಗಾದ ಹುಳುವಿಗೆ ಹೊಡೆಯುವ ನೊಮುರಿಯಾ ಎಂಬ ಬೂಷ್ಟು ಇದೆಯಲ್ಲ, ಅದೂ ರೇಷ್ಮೆಹುಳುವಿಗೆ ಹಸಿರು ಸುಣ್ಣಕಟ್ಟು ತರುತ್ತದೆ. ಪಕ್ಕದ ಹೊಲದವರು ಹೊಡೆಯುವುದಿದ್ದರೆ ಮೊದಲೇ ಮಾತಾಡಿಕೊಳ್ಳಿ, ಆ ಗಾಳಿ ತಾಗಿದ ಸೊಪ್ಪು ಹುಳುವಿಗೆ ಹಾಕಬೇಡಿ.

ಪ್ರಶ್ನೆ: ಬೂಷ್ಟಿಗೆ ಜೇಡದ ವಿಷ ಸೇರಿಸಿದ್ದಾರಂತೆ, ನಿಜವೇ? ನಮಗೆ ಅಪಾಯ ಇಲ್ಲವೇ?
– ವಿದ್ಯಾರ್ಥಿನಿ, ಗದಗ

ಉತ್ತರ: ನಿಜ. ಬುರ್ಕಿನಾ ಫಾಸೊ ದೇಶದಲ್ಲಿ ಮಾಡಿದ್ದು, 2019ರಲ್ಲಿ ಪ್ರಕಟವಾಯಿತು. ಆಸ್ಟ್ರೇಲಿಯಾದ ಜೇಡವೊಂದರ ವಿಷದ ಜೀನ್ ಸೇರಿಸಿದ ಬೂಷ್ಟಿನಿಂದ 45 ದಿನಗಳಲ್ಲಿ ಶೇ 99ಕ್ಕಿಂತ ಜಾಸ್ತಿ ಸೊಳ್ಳೆ ಕಡಿಮೆಯಾದವು. ಆದರೆ ಅದು ಬಲೆ ಕಟ್ಟಿದ ಆವರಣದೊಳಗಿನ ಪ್ರಯೋಗ. ಆ ಜೀನ್ ಕೆಲಸ ಶುರು ಮಾಡುವುದು ಕೀಟದ ರಕ್ತ ಮುಟ್ಟಿದ ಮೇಲೆ ಮಾತ್ರ. ಹಾಗಾಗಿ ಸವರಿದ ಬಟ್ಟೆಯ ಮೇಲೆ ಇರುವಾಗ ಬೂಷ್ಟು ಆ ವಿಷ ತಯಾರಿಸುವುದಿಲ್ಲ.